ದವಡೆಯೊಳಗಿನ ಗೆರೆ

ಮದುವೆಮನೆಯ ಪಂಕ್ತಿಯಲ್ಲಿ ಅತ್ತೆ ಅಮ್ಮಣಿ ಊಟಕ್ಕೆ ಕೂತದ್ದನ್ನು ಹರ್ಷಿತಾ ಸೊಸೆಯಾಗಿ ಬಂದ ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅಮ್ಮಣಿ ಮದುವೆಗೆ ಹೋಗುತ್ತಿದ್ದಳು, ಎಲ್ಲರನ್ನೂ ಮಾತಾಡಿಸುತ್ತಿದ್ದಳು, ಎಲೆ ಹಾಕುವ ಹೊತ್ತಿಗೆ ಮಾತ್ರ ಯಾರದಾದರೂ ಮಗುವನ್ನು ಸೊಂಟಕ್ಕೇರಿಸಿಕೊಂಡು ಚಪ್ಪರದ ಹೊರಗೆ ನಿಂತುಬಿಡುತ್ತಿದ್ದಳು. ಮನೆಗೆ ಬಂದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು ಕುಚ್ಚಲಕ್ಕಿ ಗಂಜಿಯನ್ನು ಕಿವುಚಿ ಕಿವುಚಿ ಕುಡಿಯುತ್ತಿದ್ದಳು. ಕುಡಿಯುವಾಗ ತುಟಿಯ ಬಲ ಅಂಚಿನಿಂದ ಗಂಜಿನೀರು ಇಳಿಯುತ್ತಿತ್ತು. ಇಳಿದದ್ದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಮಗಳು ವಿಸ್ಮಿತಾ ಒಮ್ಮೆ ಅಜ್ಜಿಯ ಹಾಗೆ ಬಾಯಿ ಸೊಟ್ಟ ಮಾಡಿ ನಕ್ಕಾಗ ಹರ್ಷಿತಾ ಗದರಿದ್ದಳು. ಆದರೆ ಅತ್ತೆಯ ಎದುರು ಕೂತು ಉಣ್ಣುವುದನ್ನು ಅವಳೂ ತಪ್ಪಿಸುತ್ತಿದ್ದಳು.

ಸಿದ್ಧಕಟ್ಟೆ ದಾಟಿ ಬಂಟ್ವಾಳಕ್ಕೆ ಹೋಗುವ ರಸ್ತೆಬದಿಯಲ್ಲಿ ಅವರ ಮನೆ. ಮಾವ ತುಕ್ರಪ್ಪ ಬಂಟ್ವಾಳ–ಮೂಡುಬಿದಿರೆ ಲೈನಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ಮನೆ ಸೇರಿದ್ದ. ಗಂಡ ಶ್ರವಣ್‌ಗೆ ಮೂಡುಬಿದಿರೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸೌಮ್ಯ ಮನುಷ್ಯ, ಹೆಂಡತಿಗೆ ಒಂದು ದಿನ ದನಿ ಏರಿಸಿದವನಲ್ಲ. ಅಮ್ಮನಿಗೆಂದು ದಿನವೂ ಮೆತ್ತಗಿನ ಬಾಳೆಹಣ್ಣು ತರುತ್ತಿದ್ದ. ಹರ್ಷಿತಾ ಅದೇ ಪೇಟೆಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಟೆಕ್ನೀಷಿಯನ್. ಹಲ್ಲಿನ ಡಾಕ್ಟರುಗಳು ಕಳಿಸುವ ರೋಗಿಗಳ ದವಡೆಯ ಸಿ.ಟಿ. ತೆಗೆಯುವುದು ಅವಳ ಕೆಲಸ.

ಅಮ್ಮಣಿಗೆ ಹಲ್ಲು ಹಾಕಿಸುವ ಮಾತು ಎತ್ತಿದವನು ಶ್ರವಣ್. ಮೇಲಿನ ಹಲ್ಲುಸೆಟ್ಟು ಹೇಗೋ ನಿಲ್ಲುತ್ತಿತ್ತು. ಕೆಳಗಿನದು ಮಾತಾಡಿದರೆ ಸಾಕು, ಎದ್ದು ಬರುತ್ತಿತ್ತು. ಎರಡು ಸಲ ಮಾಡಿಸಿದ್ದೂ ಕಪಾಟು ಸೇರಿತ್ತು. ಈಗ ದವಡೆಯ ಮೂಳೆಗೇ ಎರಡು ಸ್ಕ್ರೂ ಕೂರಿಸಿ, ಅಂಗಿಗೆ ಪ್ರೆಸ್ ಬಟನ್ ಒತ್ತುವ ಹಾಗೆ ಅದರ ಮೇಲೆ ಸೆಟ್ಟು ಒತ್ತಿ ಕೂರಿಸುತ್ತಾರೆ, ಖರ್ಚಿನ ವಿಷಯ ಯಾರೂ ಮಾತಾಡುವುದು ಬೇಡ, ನಾನು ನೋಡಿಕೊಳ್ಳುತ್ತೇನೆ ಎಂದ. ಅಪರೂಪಕ್ಕೆ ಬಾಯಿ ಹಾಕಿದ ತುಕ್ರಪ್ಪ, ಈ ಪ್ರಾಯದಲ್ಲಿ ಮೂಳೆ ಕೊರೆಸಿಕೊಳ್ಳುವುದು ಯಾಕೆ, ಗಂಜಿ ಇಳಿಯುತ್ತದಲ್ಲ ಎಂದು ಅಡ್ಡ ಹೇಳಿದ. ಅಮ್ಮಣಿಯೂ ಬೇಡವೆಂದಳು. ವಾರವಿಡೀ ಊಟದ ಹೊತ್ತಿಗೆ ಇದೇ ಚರ್ಚೆ. ಕೊನೆಗೆ ಹರ್ಷಿತಾ, ಸ್ಕ್ಯಾನ್ ಮಾಡುವವಳು ನಾನೇ, ಇಪ್ಪತ್ತು ಸೆಕೆಂಡಿನ ಕೆಲಸ, ನೋವಿಲ್ಲ ಎಂದು ಒಪ್ಪಿಸಿದಳು. ಒಪ್ಪುವ ಮೊದಲು ಅಮ್ಮಣಿ ಕೇಳಿದ್ದು ಒಂದೇ.

"ಅದರಲ್ಲಿ ಒಳಗಿನದ್ದೆಲ್ಲ ಕಾಣ್ತದಾ?"

"ಮೂಳೆ ಕಾಣ್ತದೆ ಮಾಮಿ. ಮೂಳೆ ಎಷ್ಟು ದಪ್ಪ ಉಂಟು, ನರ ಎಲ್ಲಿ ಹೋಗ್ತದೆ, ಅದನ್ನು ನೋಡದೆ ಸ್ಕ್ರೂ ಹಾಕ್ಲಿಕ್ಕೆ ಆಗುವುದಿಲ್ಲ."

ಹರ್ಷಿತಾ ಅದನ್ನು ಮೆಷಿನ್ನಿನ ಹೆದರಿಕೆ ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ಸ್ಕ್ಯಾನಿನ ಕೋಣೆಯಲ್ಲಿ ಅವಳೇ ಅತ್ತೆಯ ಕರಿಮಣಿ, ಬೆಂಡೋಲೆ, ಮೂಗುತಿ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಟ್ಟಳು. ಗದ್ದವನ್ನು ಸ್ಟ್ಯಾಂಡಿನ ಮೇಲೆ ಇಡಿಸಿ, ತಲೆ ಅಲ್ಲಾಡದಂತೆ ಎರಡು ಕಡೆಯಿಂದ ಹಿಡಿಕೆ ಒತ್ತಿ, ಕಣ್ಣು ಮುಚ್ಚಿ ಉಗುಳು ನುಂಗದೆ ನಿಲ್ಲಬೇಕು ಎಂದು ಹೇಳಿ ಗಾಜಿನ ಆಚೆಗೆ ಬಂದಳು. ಮೆಷಿನ್ನಿನ ತೋಳು ಅಮ್ಮಣಿಯ ತಲೆಯ ಸುತ್ತ ಒಂದು ಸುತ್ತು ಬಂದು ನಿಂತಿತು.

ಚಿತ್ರ ಪರದೆಗೆ ಬಂದಾಗ ಹರ್ಷಿತಾ ಎಂದಿನಂತೆ ಹೋಳು ಹೋಳಾಗಿ ಸರಿಸುತ್ತ ಹೋದಳು. ಎಡಭಾಗ ಸರಿ ಇತ್ತು. ಬಲಭಾಗದಲ್ಲಿ, ಕೋರೆಹಲ್ಲು ಇರಬೇಕಾದ ಜಾಗದ ಸ್ವಲ್ಪ ಹಿಂದೆ, ಮೂಳೆ ಮೆಟ್ಟಿಲಿನಂತೆ ತಗ್ಗಾಗಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದು ಓರೆ ಗೆರೆ. ನರ ಹೋಗುವ ಸಣ್ಣ ಕೊಳವೆ ಆ ಗೆರೆಯ ಹತ್ತಿರ ತಿರುಚಿಕೊಂಡು, ಒಂದು ಕಡೆ ಇಲ್ಲವೇ ಇಲ್ಲ ಎನ್ನುವಷ್ಟು ಇರುಕಾಗಿತ್ತು. ಎಂಟು ವರ್ಷದ ಕೆಲಸದಲ್ಲಿ ಇಂಥದ್ದನ್ನು ಅವಳು ಬೈಕಿನಿಂದ ಬಿದ್ದ ಹುಡುಗರ ದವಡೆಯಲ್ಲಿ ಕಂಡಿದ್ದಳು. ಮುರಿದ ಮೂಳೆ, ಯಾರೂ ಕೂಡಿಸದೆ ತಾನಾಗಿ ಕೂಡಿಕೊಂಡದ್ದು. ತುಟಿಯ ಬಲ ಅಂಚು ಮರಗಟ್ಟಿದ್ದು ಯಾಕೆಂದು ಅವಳಿಗೆ ಆಗ ಗೊತ್ತಾಯಿತು. ಒಂಬತ್ತು ವರ್ಷ ತಾನು ಮುಖ ತಿರುಗಿಸಿದ್ದು ನೆನಪಾಯಿತು.

ಮೂಗುತಿ ಹಾಕಿಕೊಡುತ್ತ, ಯಾವತ್ತಾದರೂ ಜೋರು ಪೆಟ್ಟಾಗಿತ್ತಾ ಎಂದು ಕೇಳಿದಳು. ಹಿಂದೊಮ್ಮೆ ಬಸ್ಸಿನ ಮೆಟ್ಟಿಲಿನಿಂದ ಬಿದ್ದಿದ್ದೆ ಎಂದಳು ಅಮ್ಮಣಿ. ಆದರೆ ಮದುವೆಯಾದ ಹೊಸತರಲ್ಲಿ ಅತ್ತೆಯ ಹಲ್ಲು ಹೋದದ್ದು ಹೇಗೆಂದು ಹರ್ಷಿತಾ ಮಾವನಲ್ಲಿ ಕೇಳಿದಾಗ ಅವನು ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದಿದ್ದ. ಶ್ರವಣ್ ಹೇಳಿದ್ದೂ ಬಚ್ಚಲು ಎಂದೇ.

ಎರಡು ದಿನ ಬಿಟ್ಟು ಹಲ್ಲಿನ ಡಾಕ್ಟರ್ ಫರ್ಹಾನ ಆ ಚಿತ್ರದ ಮೇಲೆ ಸ್ಕ್ರೂಗಳ ಜಾಗ ಗುರುತು ಮಾಡಿದಳು. ಎಡಗಡೆಯದು ಸುಲಭ, ಬಲಗಡೆ ನರ ಜಾಗ ತಪ್ಪಿರುವುದರಿಂದ ಸ್ಕ್ರೂವನ್ನು ಮೂರು ಮಿಲಿಮೀಟರ್ ಮುಂದಕ್ಕೆ ತರಬೇಕು, ಸಿ.ಟಿ. ಇಲ್ಲದೆ ಕೊರೆದಿದ್ದರೆ ತೊಂದರೆಯಾಗುತ್ತಿತ್ತು ಎಂದು ವಿವರಿಸಿದಳು. ಬಿದ್ದದ್ದಂತೆ ಎಂದು ಹರ್ಷಿತಾ ಹೇಳಿದಾಗ ಡಾಕ್ಟರ್ ಪರದೆಯನ್ನೇ ನೋಡುತ್ತ ಮಾತಾಡಿದಳು.

"ಬಿದ್ದದ್ದಲ್ಲ ಅಂತ ನಾನು ಬರೆದು ಕೊಡ್ಲಿಕ್ಕೆ ಆಗುವುದಿಲ್ಲ ಹರ್ಷಿತಾ. ಆದ್ರೆ ಮುಖ ಕೆಳಗಾಗಿ ಬಿದ್ದರೆ ಹೆಚ್ಚಾಗಿ ಗದ್ದಕ್ಕೆ ಪೆಟ್ಟು, ಕಿವಿ ಹತ್ತಿರದ ಮೂಳೆಗೂ ಪೆಟ್ಟು. ಅಲ್ಲೆಲ್ಲ ಏನೂ ಇಲ್ಲ. ಇದು ಬದಿಯಿಂದ ಬಿದ್ದ ಏಟಿನ ಹಾಗೆ ಉಂಟು."

ಆ ಸಂಜೆ ಮನೆಗೆ ಬಂದ ಹರ್ಷಿತಾಳಿಗೆ ಜಗಲಿಯಲ್ಲಿ ಕೂತು ಮೊಮ್ಮಗಳ ಶೂಗೆ ಪಾಲಿಶ್ ಹಾಕುತ್ತಿದ್ದ ತುಕ್ರಪ್ಪ ಕಂಡ. ಅಗಲ ಅಂಗೈ, ಸ್ಟೇರಿಂಗ್ ಹಿಡಿದು ದಡ್ಡುಗಟ್ಟಿದ ಬೆರಳು. ಬೇರೆ ಯಾರಿದ್ದರು ಈ ಮನೆಯಲ್ಲಿ? ಸ್ಕ್ಯಾನೇ ಬೇಡವೆಂದು ಅಡ್ಡ ಹೇಳಿದ್ದೂ ಇದಕ್ಕೇ ಎಂದು ಅವಳು ತೀರ್ಮಾನ ಮಾಡಿಬಿಟ್ಟಳು.

ಅಲ್ಲಿಂದ ಮೂರು ವಾರ ಮನೆಯ ನಡೆ ಬದಲಾಯಿತು. ಬೆಳಿಗ್ಗೆ ಮಾವನಿಗೆ ಮೊದಲು ಹೋಗುತ್ತಿದ್ದ ಚಹಾ ಕೊನೆಗೆ ಹೋಯಿತು, ಅದೂ ಆರಿ. ಸ್ನಾನಕ್ಕೆ ಬಿಸಿನೀರು ಆಗಿದೆ ಎಂದು ಹೇಳುವವರಿಲ್ಲ. ವಿಸ್ಮಿತಾಳನ್ನು ಶಾಲೆಯ ವ್ಯಾನಿಗೆ ಹತ್ತಿಸಲು ತುಕ್ರಪ್ಪನೇ ಹೋಗುತ್ತಿದ್ದ. ಇನ್ನು ನಾನೇ ಹೋಗುತ್ತೇನೆ ಎಂದು ಹರ್ಷಿತಾ ಮಗಳ ಕೈ ಎಳೆದುಕೊಂಡಳು. ಹುಡುಗಿ ಅಜ್ಜ ಬೇಕೆಂದು ಅತ್ತಿತು. ತುಕ್ರಪ್ಪ ತನ್ನ ತಟ್ಟೆ ತಾನೇ ತೊಳೆದಿಟ್ಟ. ತನ್ನ ಪಂಚೆ ತಾನೇ ಒಗೆದುಕೊಂಡ. ಅವನ ಮೌನ ಹರ್ಷಿತಾಳ ಅನುಮಾನವನ್ನು ಗಟ್ಟಿ ಮಾಡಿತೇ ಹೊರತು ಕರಗಿಸಲಿಲ್ಲ. ಅಪ್ಪನಿಗೂ ನಿನಗೂ ಏನಾಗಿದೆ ಎಂದು ಶ್ರವಣ್ ಒಮ್ಮೆ ವಿಚಾರಿಸಿದಾಗ, ಅಮ್ಮನ ದವಡೆ ಹಿಂದೆ ಮುರಿದಿತ್ತು, ಗೊತ್ತುಂಟಾ ಎಂದು ಅವಳು ಕೇಳಿದಳು. ಅವನು ಮೊಬೈಲ್ ಚಾರ್ಜಿಗೆ ಇಡಲು ಎದ್ದುಹೋದ.

ಭಾನುವಾರ ಮಧ್ಯಾಹ್ನ ಬಂಗುಡೆ ಸಾರು. ಗಂಡಸರಿಬ್ಬರೂ ವಿಸ್ಮಿತಾಳೂ ಊಟಕ್ಕೆ ಕೂತಿದ್ದರು. ಹರ್ಷಿತಾ ಬಡಿಸುತ್ತಿದ್ದಳು. ಅಮ್ಮಣಿ ಒಲೆಯ ಹತ್ತಿರ ತನ್ನ ಪಾಲಿನ ಮೀನಿನ ಮುಳ್ಳು ಬಿಡಿಸಿ ಅನ್ನಕ್ಕೆ ಕಿವುಚುತ್ತಿದ್ದಳು. ತುಕ್ರಪ್ಪ ಎರಡು ತುತ್ತು ಉಂಡು, ಮೆಲ್ಲಗೆ, ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿದೆಯೇನೋ ಎಂದ.

"ಉಪ್ಪು ಕಡಿಮೆಯಾದರೆ ಏನು ಮಾಡ್ತೀರಿ ಮಾವ? ನನ್ನದೂ ದವಡೆ ಮುರೀತೀರಾ?"

ಹರ್ಷಿತಾಳಿಗೇ ತನ್ನ ದನಿ ಗುರುತು ಸಿಗಲಿಲ್ಲ. ವಿಸ್ಮಿತಾ ತುತ್ತು ಕೈಯಲ್ಲೇ ಹಿಡಿದು ತಾಯಿಯನ್ನು ನೋಡಿತು. ತುಕ್ರಪ್ಪ ಮಗನ ಮುಖ ನೋಡಿದ. ಶ್ರವಣ್ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದ. ಆ ನೋಟ ಎಷ್ಟು ಹೊತ್ತು ನಿಂತಿತು ಎಂಬುದನ್ನು ಹರ್ಷಿತಾ ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದಾಳೆ. ಆಗ ಅವಳಿಗೆ ಅದರ ಅರ್ಥವಾಗಿರಲಿಲ್ಲ.

"ಹೌದು, ನಾನೇ," ಎಂದ ತುಕ್ರಪ್ಪ. "ಕೇಳಿಯಾಯ್ತಲ್ಲ. ಇನ್ನು ಮಗುವಿನ ಎದುರು ಈ ಮಾತು ಬೇಡ."

ಉಳಿದ ಅನ್ನ ಬಿಟ್ಟು ಎದ್ದು ಕೈ ತೊಳೆದು, ಅಂಗಿ ಹಾಕಿಕೊಂಡು ಸಿದ್ಧಕಟ್ಟೆಯ ಕಡೆಗೆ ನಡೆದುಹೋದ. ಶ್ರವಣ್ ಊಟ ಮುಗಿಸಿದ. ಮಜ್ಜಿಗೆ ಕೇಳಿ ಹಾಕಿಸಿಕೊಂಡ.

ಮರುದಿನದಿಂದ ತುಕ್ರಪ್ಪ ಮಧ್ಯಾಹ್ನ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು, ಹಳೆಯ ಡ್ರೈವರುಗಳ ಜೊತೆ ಸಂಜೆಯ ತನಕ ಕೂತು ಬರುತ್ತಿದ್ದಾನೆ ಎಂದು ಯಾರೋ ಹೇಳಿದರು. ಅಮ್ಮಣಿ ಅವನ ಪಾಲಿನ ಅನ್ನ ತೆಗೆದು ಮುಚ್ಚಿಡುತ್ತಿದ್ದಳು, ಸಂಜೆ ಅದನ್ನೇ ನೀರು ಹಾಕಿ ಇಡುತ್ತಿದ್ದಳು. ಹೀಗೆ ಐದು ದಿನ ನಡೆಯಿತು. ಆರನೆಯ ದಿನ ಶನಿವಾರ, ಹರ್ಷಿತಾಳಿಗೆ ಅರ್ಧ ದಿನ ರಜೆ. ಹಿತ್ತಲಿನಲ್ಲಿ ಇಬ್ಬರೂ ಬೂತಾಯಿ ಮೀನು ಶುಚಿ ಮಾಡುತ್ತ ಕೂತಿದ್ದರು. ಅಮ್ಮಣಿ ಕತ್ತಿಯಿಂದ ತಲೆ ತೆಗೆಯುವುದು, ಹರ್ಷಿತಾ ತೊಳೆಯುವುದು. ತಲೆ ಎತ್ತದೆಯೇ ಅಮ್ಮಣಿ ಹೇಳಿದಳು.

"ಅವರು ನನ್ನ ಮೇಲೆ ಕೈ ಎತ್ತಿದವರಲ್ಲ ಮಗಾ. ಮದುವೆಯಾಗಿ ನಲವತ್ತು ವರ್ಷ ಆಯಿತು, ಒಂದು ದಿನ ಇಲ್ಲ."

"ಅವರೇ ಒಪ್ಪಿದ್ರಲ್ಲ ಮಾಮಿ."

"ಒಪ್ತಾರೆ. ನಿನ್ನ ಸಂಸಾರ ಒಡೀಬಾರದು ಅಂತ ಒಪ್ಪಿದ್ದು. ಆವತ್ತು ಅವರು ಮನೆಯಲ್ಲೇ ಇರ್ಲಿಲ್ಲ. ಬಂಟ್ವಾಳದ ಟ್ರಿಪ್ಪಿನಲ್ಲಿದ್ದರು."

ಹರ್ಷಿತಾಳ ಕೈ ನೀರಿನಲ್ಲೇ ನಿಂತಿತು. ಕೇಳದೆಯೂ ಗೊತ್ತಾಗಿತ್ತು, ಆದರೂ ಕೇಳಿದಳು. ಅಮ್ಮಣಿ ಮಗನ ಹೆಸರು ಹೇಳಿದಳು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಪಿಯುಸಿಯಲ್ಲಿ ಎರಡನೆಯ ಸಲ ಫೇಲಾಗಿ ಮನೆಯಲ್ಲಿದ್ದ ಶ್ರವಣ್‌ಗೆ ಬೈಕು ಬೇಕಿತ್ತು. ಅಪ್ಪ ಆಗುವುದಿಲ್ಲ ಎಂದಿದ್ದ. ಮಧ್ಯಾಹ್ನ ಬಡಿಸುವಾಗ ಅಮ್ಮಣಿ, ಅಪ್ಪ ಬೆಳಿಗ್ಗೆ ಐದಕ್ಕೆ ಎದ್ದು ಹೋಗುವುದನ್ನು ನೋಡಿಯಾದರೂ ಓದಬಾರದಾ ಎಂದಳು. ಅವನು ಕೂತಿದ್ದ ಮಣೆಯನ್ನೇ ಎತ್ತಿ ಬೀಸಿದ. ಹಲಸಿನ ಮರದ ದಪ್ಪ ಮಣೆ. ಮೂರು ಹಲ್ಲು ಅಲ್ಲೇ ಬಿದ್ದವು. ಬಾಯಿ ಮುಚ್ಚಲು ಆಗಲಿಲ್ಲ. ಸಂಜೆ ಬಂದ ತುಕ್ರಪ್ಪ ಆಸ್ಪತ್ರೆಗೆ ಹೊರಡಿಸಿದ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಸುತ್ತಾರೆ, ಹದಿನೆಂಟು ತುಂಬಿದ ಹುಡುಗ, ಜೈಲಾಗುತ್ತದೆ ಎಂದು ಹೆದರಿ ಕೈಸನ್ನೆಯಲ್ಲೇ ತಡೆದವಳು ಅಮ್ಮಣಿ. ಗಂಡ ಹೆಂಡತಿ ಇಬ್ಬರೂ ಸೇರಿ ಬಚ್ಚಲಲ್ಲಿ ಜಾರಿದ ಕತೆ ಕಟ್ಟಿದರು. ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿಕೊಂಡು ಅಮ್ಮಣಿ ಎರಡು ತಿಂಗಳು ಗಂಜಿಯ ತಿಳಿನೀರು ಕುಡಿದು ಬದುಕಿದಳು. ಉಳಿದ ಹಲ್ಲುಗಳು ಆಮೇಲಿನ ವರ್ಷಗಳಲ್ಲಿ ಒಂದೊಂದಾಗಿ ಹೋದವು.

"ಬಸ್ಸಿನಿಂದ ಅಂತ ಯಾಕೆ ಹೇಳಿದ್ರಿ ನನ್ನ ಹತ್ರ?"

"ಮರೆತು ಹೋಯಿತು," ಎಂದಳು ಅಮ್ಮಣಿ. "ಯಾವ ಸುಳ್ಳು ಹೇಳಿದ್ದು ಅಂತ ಮರೆತು ಹೋಯಿತು. ಹತ್ತೊಂಬತ್ತು ವರ್ಷ ಯಾರೂ ಕೇಳ್ಲಿಲ್ಲ."

ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ಅವನಲ್ಲಿ ಕೇಳಬೇಡ, ಆವತ್ತಿನ ಮೇಲೆ ಅವನೂ ಬೇರೆ ಹುಡುಗನಾದ, ಒಂದು ಕೆಟ್ಟ ಮಾತಿಲ್ಲ, ಒಂದು ಕೆಟ್ಟ ಅಭ್ಯಾಸವಿಲ್ಲ ಎಂದಳು. ಅವನು ಆ ವಿಷಯ ನಿಮ್ಮಲ್ಲಿ ಎಂದಾದರೂ ಎತ್ತಿದ್ದಾನಾ ಎಂದು ಹರ್ಷಿತಾ ಕೇಳಿದಳು. ಅಮ್ಮಣಿ ಮೀನಿನ ತಲೆಗಳನ್ನು ಒಟ್ಟು ಮಾಡಿ ಬೆಕ್ಕಿಗೆ ಹಾಕಲು ಎದ್ದಳು.

ಹರ್ಷಿತಾ ಸಂಜೆಯ ತನಕ ಕಾಯಲಿಲ್ಲ. ಸ್ಕೂಟರ್ ತೆಗೆದು ಸೀದಾ ಅಂಗಡಿಗೆ ಹೋದಳು. ಒಬ್ಬ ಗಿರಾಕಿಗೆ ವಯರು ಅಳೆದು ಕತ್ತರಿಸಿ ಕೊಟ್ಟು ಮುಗಿಯುವವರೆಗೆ ನಿಂತಿದ್ದಳು. ಕೇಳಿದಾಗ ಶ್ರವಣ್ ಅಲ್ಲಗಳೆಯಲಿಲ್ಲ. ಕತ್ತರಿಯನ್ನು ಗಲ್ಲಾದ ಮೇಲೆ ಇಟ್ಟು, ಆಗ ತನಗೆ ಬುದ್ಧಿ ಇರಲಿಲ್ಲ, ಈಗ ಅದನ್ನು ಎತ್ತಿ ಏನು ಪ್ರಯೋಜನ ಎಂದ.

"ಹೋದ ಭಾನುವಾರ ಬುದ್ಧಿ ಇತ್ತಲ್ಲ? ಅಪ್ಪ ತನ್ನ ತಲೆ ಮೇಲೆ ಹಾಕಿಕೊಂಡಾಗ ನೀವು ಮಜ್ಜಿಗೆ ಕೇಳಿದಿರಿ."

ಅವನ ಕಿವಿ ಕೆಂಪಾಯಿತು. ವಯರಿನ ತುಂಡುಗಳನ್ನು ಒಟ್ಟು ಮಾಡುತ್ತ ಹೇಳಿದ.

"ಹಲ್ಲು ಹಾಕಿಸ್ತಾ ಇದ್ದೇನಲ್ಲ ಹರ್ಷಿತಾ."

ಅವಳು ಮರಳಿ ಬರುವಾಗ ಸಿದ್ಧಕಟ್ಟೆಯ ಹೋಟೆಲಿನ ಎದುರು ಸ್ಕೂಟರ್ ನಿಲ್ಲಿಸಿದಳು. ತುಕ್ರಪ್ಪ ಮೂಲೆಯ ಬೆಂಚಿನಲ್ಲಿದ್ದ. ಬನ್ನಿ ಮಾವ, ಮನೆಗೆ ಹೋಗುವ, ಎಂದಳು. ಬೇರೇನನ್ನೂ ಹೇಳಲು ಅವಳಿಗೆ ಆಗಲಿಲ್ಲ. ಅವಳ ಮುಖ ನೋಡಿ ಅವನಿಗೆ ತಿಳಿಯಿತು. ಅಮ್ಮಣಿ ಹೇಳಬಾರದಿತ್ತು ಎಂದಷ್ಟೇ ಗೊಣಗಿ, ಹಿಂದೆ ಕೂತು ಮನೆಗೆ ಬಂದ. ಸೋಮವಾರದಿಂದ ವಿಸ್ಮಿತಾ ಮತ್ತೆ ಅಜ್ಜನ ಕೈ ಹಿಡಿದು ವ್ಯಾನಿಗೆ ಹೋಯಿತು. ಹರ್ಷಿತಾ ತನ್ನ ಚಾಪೆಯನ್ನು ಮಗಳ ಕೋಣೆಗೆ ಒಯ್ದಳು.

ಶಸ್ತ್ರಚಿಕಿತ್ಸೆಗೆ ಗುರುವಾರ ಹತ್ತು ಗಂಟೆ ಎಂದು ನಿಗದಿಯಾಗಿತ್ತು. ಅತ್ತೆ ಬೇಡವೆನ್ನಬಹುದು ಎಂದು ಹರ್ಷಿತಾ ಎಣಿಸಿದ್ದಳು. ಅಮ್ಮಣಿ ಮಾತ್ರ ಬೆಳಿಗ್ಗೆಯೇ ಮಿಂದು, ರಾಗಿ ಮಣ್ಣಿ ತಿಂದು, ಬೀರುವಿನಿಂದ ನೀಲಿ ಸೀರೆ ತೆಗೆದು ಉಟ್ಟು ಹೊರಟಳು. ಶ್ರವಣ್ ಅಂಗಡಿ ಮುಚ್ಚಿ ಬಂದಿದ್ದ. ಡಾಕ್ಟರ್ ಫರ್ಹಾನಳ ಕೋಣೆಯಲ್ಲಿ ಪರದೆಯ ಮೇಲೆ ಅಮ್ಮಣಿಯ ದವಡೆ ದೊಡ್ಡದಾಗಿ ತೆರೆದಿತ್ತು. ಸ್ಕ್ರೂ ಇಳಿಯಬೇಕಾದ ಎರಡು ಜಾಗಕ್ಕೆ ಹಸಿರು ಗುರುತು, ನರಕ್ಕೆ ಕೆಂಪು. ಮತ್ತೆ ಆ ಓರೆ ಗೆರೆ. ಅಮ್ಮಣಿ ಕುರ್ಚಿಯಲ್ಲಿ ಕೂತು ಮೊದಲ ಸಲ ಅದನ್ನು ನೋಡಿದಳು. ಇದೇ ಅಲ್ಲವಾ ಎಂದು ಬೆರಳು ತೋರಿಸಿದಳು. ಹೌದೆಂದಳು ಹರ್ಷಿತಾ.

ಡಾಕ್ಟರ್ ಕೇಸ್ ಹಾಳೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ತೆಗೆದುಕೊಳ್ಳುವ ಮಾತ್ರೆ ಎಲ್ಲ ಕೇಳಿ ಬರೆದುಕೊಂಡಳು. ಒಂದು ಸಾಲು ಖಾಲಿ ಇತ್ತು. ಈ ಹಳೆಯ ಪೆಟ್ಟು ಯಾವಾಗ, ಹೇಗೆ ಆದದ್ದು, ಆಗ ಏನು ಚಿಕಿತ್ಸೆಯಾಗಿತ್ತು ಎಂದು ಕೇಳಿದಳು.

ಅಮ್ಮಣಿ ಮಗನ ಕಡೆಗೆ ತಿರುಗಿದಳು.

"ಅವನು ಹೇಳ್ತಾನೆ. ಅವನಿಗೆ ಗೊತ್ತುಂಟು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕ ಮಗು ಶಾಲೆಯಲ್ಲಿ ಪದ್ಯ ಹೇಳಲು ನಿಂತಾಗ ತಾಯಿ ನೋಡುವ ಹಾಗೆ ನೋಡುತ್ತಿದ್ದಳು. ಅವನು ಹೇಳಿಬಿಡಲಿ ಎಂದು ಹರ್ಷಿತಾಳೂ ಬಯಸಿದಳು. ಹೇಳಿದ್ದರೆ ತಾನೂ ಏನನ್ನಾದರೂ ಮರೆಯುತ್ತಿದ್ದೆನೋ ಏನೋ ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ. ಡಾಕ್ಟರ್ ಪೆನ್ನು ಹಿಡಿದು ಕಾದಳು. ಶ್ರವಣ್ ಪರದೆ ನೋಡಿದ, ನೆಲ ನೋಡಿದ.

"ಬಚ್ಚಲಲ್ಲಿ ಜಾರಿ ಬಿದ್ದದ್ದು," ಎಂದ.

ಡಾಕ್ಟರ್ ಬರೆದುಕೊಳ್ಳತೊಡಗಿದಳು. ಅಮ್ಮಣಿ ಕುರ್ಚಿಯ ಹಿಡಿಕೆಗೆ ಕೈ ಊರಿ ಕೆಳಗಿಳಿದಳು. ಕುತ್ತಿಗೆಗೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ತಾನೇ ಬಿಚ್ಚಿ ಮಡಚಿ ನರ್ಸಿನ ಕೈಗೆ ಕೊಟ್ಟಳು.

"ಇವತ್ತು ಬೇಡ ಡಾಕ್ಟ್ರೇ," ಎಂದಳು.

ಹೆದರಿಕೆಯಾಯಿತೇನೋ ಎಂದು ಡಾಕ್ಟರ್ ಸಮಾಧಾನ ಹೇಳಿದಳು. ಅಮ್ಮಣಿ ನಕ್ಕು, ಹೆದರಿಕೆಯಲ್ಲ ಎಂದಳು. ಆಗಲಿ, ಈ ಚಿತ್ರ ಆರು ತಿಂಗಳು ನಡೆಯುತ್ತದೆ, ಆಮೇಲೆ ಮೂಳೆ ಇನ್ನೂ ಸವೆದಿರುತ್ತದೆ, ಹೊಸತು ತೆಗೆಯಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿ ಕಳಿಸಿದಳು. ಹೊರಗೆ ಶ್ರವಣ್ ಕಾರಿನ ಬಾಗಿಲು ತೆರೆದು ನಿಂತ. ಅಮ್ಮಣಿ ಸೊಸೆಯ ತೋಳು ಹಿಡಿದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ಬಂಟ್ವಾಳದ ಬಸ್ಸಿನಲ್ಲಿ ಕಾಲೇಜಿನ ಮಕ್ಕಳು ತುಂಬಿದ್ದರು. ಒಬ್ಬಳು ಎದ್ದು ಜಾಗ ಕೊಟ್ಟಳು. ಸಿದ್ಧಕಟ್ಟೆಯವರೆಗೆ ಅಮ್ಮಣಿ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು.

ತುಕ್ರಪ್ಪ ಅಂಗಳಕ್ಕೆ ಬಂದು, ಇಷ್ಟು ಬೇಗ ಮುಗಿಯಿತಾ, ಹಲ್ಲು ಹಾಕಲಿಲ್ಲವಾ ಎಂದು ಕೇಳಿದ.

"ಅವನಿಗೆ ಬಾಯಿ ಬರ್ಲಿಲ್ಲ," ಎಂದು ಹೇಳಿ ಅಮ್ಮಣಿ ಒಳಗೆ ಹೋಗಿ ಸೀರೆ ಬದಲಿಸಿ ಅಕ್ಕಿ ತೊಳೆಯಲು ಕೂತಳು. ಅಂದು ಮಧ್ಯಾಹ್ನ ಹರ್ಷಿತಾ ತನ್ನ ತಟ್ಟೆಯನ್ನು ಅಡುಗೆಮನೆಗೇ ತಂದು ಅತ್ತೆಯ ಎದುರು ಕೂತು ಉಂಡಳು. ಗಂಜಿ ತುಟಿಯಿಂದ ಇಳಿದಾಗ ಸೆರಗಿನ ಅಂಚು ಮುಟ್ಟಿಸಿ ಒರೆಸಿದಳು. ಅಮ್ಮಣಿ ಬೇಡವೆನ್ನಲಿಲ್ಲ.

ಆರು ತಿಂಗಳು ದೊಡ್ಡ ಅವಧಿಯಲ್ಲ. ಮಳೆಗಾಲ, ಚೌತಿ, ದೀಪಾವಳಿ ಕಳೆದವು. ಶ್ರವಣ್ ಬಚ್ಚಲಿಗೆ ಜಾರದ ಟೈಲ್ಸ್ ಹಾಕಿಸಿದ. ಅಪ್ಪನ ಕಣ್ಣಿನ ಪೊರೆ ತೆಗೆಸಿದ. ಬಾಳೆಹಣ್ಣು ತರುವುದು ಒಂದು ದಿನವೂ ತಪ್ಪಲಿಲ್ಲ. ಅಮ್ಮನ ಎದುರು ನಿಂತು ಮಾತಿಗೆ ತೊಡಗಿದವನ ಹಾಗೆ ಒಂದೆರಡು ಸಲ ನಿಂತದ್ದನ್ನೂ ಹರ್ಷಿತಾ ಕಂಡಳು. ಪ್ರತಿ ಸಲ ಅವನು ಕೇಳಿದ್ದು ಪೇಟೆಯಿಂದ ಏನಾದರೂ ತರಬೇಕಾ ಎಂದು. ಅವಧಿ ಮುಗಿದ ವಾರ ಹರ್ಷಿತಾ, ಮತ್ತೊಮ್ಮೆ ಸ್ಕ್ಯಾನ್ ತೆಗೆಯುವುದಾ ಮಾಮಿ ಎಂದು ಕೇಳಿದಳು. ಅಮ್ಮಣಿ, ಬೇಡ ಮಗಾ, ಗೊತ್ತಾಗಬೇಕಾದದ್ದು ಗೊತ್ತಾಯಿತಲ್ಲ ಎಂದಳು.

ಮರುದಿನ ಶ್ರವಣ್ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದ. ಹೊಸ ಮಿಕ್ಸಿ, ಅವನ ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯದು. ಮೀನು, ಅನ್ನ, ಪಲ್ಯ ಎಲ್ಲ ಒಟ್ಟಿಗೆ ಅರೆಯಬಹುದು, ಅಮ್ಮನಿಗೆ ಸುಲಭವಾಗುತ್ತದೆ ಎಂದು ಪ್ಲಗ್ ಹಾಕಿ ತೋರಿಸಿದ. ಅಮ್ಮಣಿ ಒಳ್ಳೆಯದಾಯಿತು ಎಂದಳು. ತನ್ನ ಪಾಲಿನ ಅನ್ನ, ಸಾರು, ಮುಳ್ಳು ತೆಗೆದ ಎರಡು ತುಂಡು ಮೀನು ಅದರೊಳಗೆ ಹಾಕಿ ಮುಚ್ಚಳ ಒತ್ತಿ ಹಿಡಿದಳು. ಮಿಕ್ಸಿ ಜೋರಾಗಿ ಸದ್ದು ಮಾಡಿತು. ಅದು ತಿರುಗುವಷ್ಟು ಹೊತ್ತು ಆ ಮನೆಯಲ್ಲಿ ಯಾರೂ ಮಾತಾಡಬೇಕಾಗಿರಲಿಲ್ಲ.